ಹಕ್ಕಿಯ ಬಾಣಂತನ

ಕುರುಗೋಡಿನ ತಮ್ಮ ಓಣಿಯಲ್ಲಿ ಹೊನ್ನೂರಮ್ಮನಿಗೆ ದೊಡ್ಡ ಹೆಸರಿತ್ತು. ಯಾರ ಮನೆಯಲ್ಲಿ ಹೆರಿಗೆಯಾದರೂ ಬಾಣಂತನಕ್ಕೆ ಆಕೆಯನ್ನೇ ಕರೆಯುತ್ತಿದ್ದರು. ಎಣ್ಣೆ ಹಚ್ಚಿ ಎರೆಯುವುದು, ತಲೆಗೆ ಬಟ್ಟೆ ಬಿಗಿಯುವುದು, ಮಂಚದ ಕೆಳಗೆ ಕುಳ್ಳಿನ ಕೆಂಡ ಇಡುವುದು, ಬೆಲ್ಲ ಕೊಬ್ಬರಿ ಹಾಕಿ ಅಂಟಿನ ಉಂಡಿ ಕಟ್ಟುವುದು, ಎಲ್ಲ ಆಕೆಯ ಕೈಯಲ್ಲೇ ಆಗಬೇಕು. ಬಾಣಂತಿ ಏನು ತಿನ್ನಬೇಕು ಅನ್ನುವುದಕ್ಕಿಂತ ಏನು ತಿನ್ನಬಾರದು ಅನ್ನುವುದರಲ್ಲಿ ಆಕೆ ಬಲು ಬಿಗಿ. ಸೊಪ್ಪು ಬೇಡ, ಹಣ್ಣು ಬೇಡ, ಮೊಸರಿನ ಹೆಸರೇ ಎತ್ತಬಾರದು. ನೀರಂತೂ ಅಜವಾನ ಹಾಕಿ ಕುದಿಸಿದ್ದು, ಊಟದ ಹೊತ್ತಿಗೊಂದು ಸಣ್ಣ ಲೋಟ, ಅಷ್ಟೇ. ಹೆಚ್ಚು ನೀರು ಕುಡಿದರೆ ಬಾಣಂತಿಗೆ ಹೊಟ್ಟೆ ಬರುತ್ತದೆ, ಮೈಗೆ ನಂಜು ಹತ್ತುತ್ತದೆ ಎಂದು ಆಕೆಯ ಅವ್ವ ಹೇಳಿದ್ದಳು, ಅವ್ವನಿಗೆ ಅವರವ್ವ ಹೇಳಿದ್ದಳು. ದವಾಖಾನೆಯ ನರ್ಸಮ್ಮಗಳು ಬೇರೆ ಹೇಳಿದರೆ ಹೊನ್ನೂರಮ್ಮ ಎದುರಾಡುತ್ತಿರಲಿಲ್ಲ. ಹೂಂ ಹೂಂ ಎಂದು ತಲೆಯಾಡಿಸಿ, ಮನೆಗೆ ಬಂದು ತನ್ನದೇ ನಡೆಸುತ್ತಿದ್ದಳು.

ಈ ಸಲದ ಬಾಣಂತಿ ಆಕೆಯ ಒಬ್ಬಳೇ ಮಗಳು ಸುಮಂಗಲಾ. ಸಿರುಗುಪ್ಪಕ್ಕೆ ಕೊಟ್ಟಿದ್ದರು, ಅಳಿಯ ಗಾದಿಲಿಂಗ ಅಲ್ಲಿನ ಅಕ್ಕಿ ಗಿರಣಿಯಲ್ಲಿ ಮಷೀನು ನೋಡಿಕೊಳ್ಳುತ್ತಾನೆ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದವಳಿಗೆ ತಿಂಗಳು ತುಂಬುವ ಮೊದಲೇ ನೋವು ಕಾಣಿಸಿಕೊಂಡು, ಬಳ್ಳಾರಿಗೆ ಒಯ್ದು, ಗಂಡು ಕೂಸಾಯಿತು. ಅಂಗೈಯಷ್ಟು ಕೂಸು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಡಾಕ್ಟರರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು, ಆದರೂ ಅದು ಉಳಿಯಲಿಲ್ಲ. ಸುಮಂಗಲಾ ಗಾಜಿನ ಆಚೆಯಿಂದ ನೋಡಿದ್ದಷ್ಟೇ.

ಕೂಸು ಹೋದರೂ ಬಾಣಂತಿಯ ಮೈ ಬಾಣಂತಿಯ ಮೈಯೇ ಎಂದು ಹೊನ್ನೂರಮ್ಮ ಕಣ್ಣೊರೆಸಿಕೊಂಡು ಕೆಲಸಕ್ಕೆ ನಿಂತಳು. ಒಂದು ಕಟ್ಟಳೆಯನ್ನೂ ಬಿಡಲಿಲ್ಲ. ಆಕೆಗೆ ದುಃಖವನ್ನು ಮಾತಿನಲ್ಲಿ ಹೇಳಲು ಬರುತ್ತಿರಲಿಲ್ಲ, ಎರೆಯಲು ಉಣಿಸಲು ಬರುತ್ತಿತ್ತು. ಮಗಳು ಮಾತ್ರ ಬಾಯಿ ಬಿಡಲಿಲ್ಲ. ಎರೆದರೆ ಎರೆಸಿಕೊಂಡಳು, ಕೊಟ್ಟದ್ದನ್ನು ಎರಡು ತುತ್ತು ತಿಂದಳು, ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದಳು. ಅತ್ತರಾದರೂ ಎದೆ ಹಗುರಾದೀತು ಎಂದು ತಾಯಿ ಕಾದಳು. ಅಳಲೂ ಇಲ್ಲ. ಹುಡುಗಿ ಹೀಗೇ ಕೈಬಿಟ್ಟು ಹೋಗುತ್ತಾಳೇನೋ ಎಂಬ ಹೆದರಿಕೆ ಹೊನ್ನೂರಮ್ಮನ ಹೊಟ್ಟೆಯಲ್ಲಿ ಕೂತುಬಿಟ್ಟಿತು.

ಹಾಗಿರುವಾಗ ಒಂದು ಭಾನುವಾರ ಗಾದಿಲಿಂಗ ಬಂದ. ಕೈಯಲ್ಲಿ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಕೊಂಡ ಒಂದು ಪಂಜರ, ಅದರೊಳಗೆ ಜೋಡಿ ಫಿಂಚ್ ಹಕ್ಕಿ. ಗುಬ್ಬಿಗಿಂತ ಚಿಕ್ಕವು, ಕೆಂಪು ಕೊಕ್ಕು, ಬೂದು ಮೈ; ಗಂಡಿನ ಕೆನ್ನೆಯ ಮೇಲೆ ಕಾವಿಯ ಬಣ್ಣದ ಬೊಟ್ಟು. ಹೆಂಡತಿಯ ಹತ್ತಿರ ಏನು ಮಾತಾಡಬೇಕೋ ತಿಳಿಯದ ಹುಡುಗ ಹಕ್ಕಿಗಳ ಬಗ್ಗೆಯೇ ಮಾತಾಡಿದ. ಬರೀ ಕಾಳು ಹಾಕಿದರೆ ಸಾಲದಂತೆ. ನವಣೆ, ಸಜ್ಜೆ, ಸಾವೆ ಬೆರೆಸಿ ಇಡಬೇಕು, ಕೊತ್ತಂಬರಿಯೋ ಪಾಲಕವೋ ತೊಳೆದು ಸಿಕ್ಕಿಸಬೇಕು, ವಾರಕ್ಕೆರಡು ಸಲ ಬೇಯಿಸಿದ ಮೊಟ್ಟೆಯನ್ನು ಸಿಪ್ಪೆ ಸಮೇತ ಪುಡಿ ಮಾಡಿ ಕೊಡಬೇಕು. ಸಮುದ್ರದ ನೊರೆ ಎಂದು ಅಂಗಡಿಯವನು ಕೊಟ್ಟ ಬಿಳಿಯ ತುಂಡೊಂದನ್ನು ಪಂಜರದ ತಂತಿಗೆ ಕಟ್ಟಿದ. ಅದನ್ನು ಕೆರೆದು ತಿಂದರೆ ಹಕ್ಕಿಯ ಎಲುಬಿಗೆ ಬಲವಂತೆ. ಬೇಸಿಗೆ, ನೀರು ಸದಾ ಮುಂದಿರಬೇಕು ಎಂದೂ ಹೇಳಿದ. ಸುಮಂಗಲಾ ಗೋಡೆಯಿಂದ ಇತ್ತ ಹೊರಳಿ ಕೇಳಿಸಿಕೊಂಡಳು.

ಮರುದಿನ ಬೆಳಿಗ್ಗೆ ಆಕೆ ತಾನಾಗಿಯೇ ಎದ್ದು ಕೂತು ಕೊತ್ತಂಬರಿ ಸೋಸಿದಳು. ಹೊನ್ನೂರಮ್ಮ ಬಾಗಿಲ ಮರೆಯಲ್ಲೇ ನಿಂತು ನೋಡಿದಳು. ದಿನಾ ಕಾಳಿನ ಹೊಟ್ಟು ಊದಿ ತೆಗೆಯುವುದು, ಬಟ್ಟಲು ತೊಳೆಯುವುದು, ಹಕ್ಕಿಗಳು ನೀರಿನಲ್ಲಿ ಮೀಯುವುದನ್ನು ನೋಡುವುದು ನಡೆಯಿತು. ಮಾತಿಲ್ಲ, ಆದರೆ ಕೈ ಆಡುತ್ತಿತ್ತು. ಗಾದಿಲಿಂಗ ತಂದಿಟ್ಟ ಬುಟ್ಟಿಯಂಥ ಗೂಡಿಗೆ ಹಕ್ಕಿಗಳು ನಾರು ಹೊತ್ತವು. ಒಂದು ಮುಂಜಾನೆ ಸುಮಂಗಲಾ ಅಡುಗೆಮನೆಗೆ ಬಂದು ನಿಂತು, "ಅವ್ವ, ತತ್ತಿ ಇಟ್ಟೈತಿ" ಅಂದಳು. ಮನೆಗೆ ಬಂದ ಮೇಲೆ ಆಕೆ ಆಡಿದ ಮೊದಲ ಮಾತು ಅದು.

ಹೊನ್ನೂರಮ್ಮನಿಗೆ ಕುಣಿಯುವಷ್ಟು ಸಂತೋಷವಾಯಿತು, ಅದರ ಬೆನ್ನಿಗೇ ಭಯವೂ ಹತ್ತಿತು. ಈ ತತ್ತಿ ಒಡೆದು ಮರಿ ಬಂದರೆ ತನ್ನ ಮಗಳು ಬದುಕಿಗೆ ಮರಳುತ್ತಾಳೆ. ಇದೂ ಕೆಟ್ಟುಹೋದರೆ ಮತ್ತೆ ಗೋಡೆಯ ಕಡೆ ಹೊರಳುತ್ತಾಳೆ, ಆಮೇಲೆ ಯಾರು ಕರೆದರೂ ತಿರುಗಲಿಕ್ಕಿಲ್ಲ. ಇಂಥ ಕೆಲಸವನ್ನು ಏನೂ ತಿಳಿಯದ ಹುಡುಗರ ಕೈಗೆ ಬಿಡುವುದುಂಟೇ? ಬಾಣಂತನವೆಂದರೆ ತನ್ನ ಕೆಲಸ. ನೀನು ಮಲಗು, ಇನ್ನು ಮೇಲೆ ನಾನು ನೋಡಿಕೊಳ್ಳುತ್ತೇನೆ ಎಂದು ಮಗಳಿಗೆ ಹೇಳಿ, ಪಂಜರವನ್ನೆತ್ತಿ ಗಾಳಿ ತಾಗದ ಅಡುಗೆಮನೆಯ ಮೂಲೆಗೆ ಒಯ್ದು, ಹಳೆಯ ಸೀರೆ ಮುಚ್ಚಿದಳು. ಸುಮಂಗಲಾ ಮಂಚಕ್ಕೆ ಮರಳಿದಳು.

ಅಲ್ಲಿಂದ ಹೊನ್ನೂರಮ್ಮನ ದರ್ಬಾರು. ಮೊದಲು ಕೊತ್ತಂಬರಿ ಹೋಯಿತು, ಹಸಿ ಸೊಪ್ಪು ಶೀತ. ತಂತಿಗೆ ಕಟ್ಟಿದ ಬಿಳಿ ತುಂಡು ಹೋಯಿತು, ಸಮುದ್ರದ್ದೆಂದ ಮೇಲೆ ಅದು ಇನ್ನೂ ಶೀತ. ಮೊಟ್ಟೆಯ ಮಾತಂತೂ ನೆನೆಸಿದರೇ ಆಕೆಯ ಮೈ ಜುಮ್ಮೆನ್ನುತ್ತಿತ್ತು: ತತ್ತಿ ಇಟ್ಟ ತಾಯಿಗೆ ತತ್ತಿಯನ್ನೇ ತಿನ್ನಿಸುವುದೇ, ಅದೂ ಕೂಸು ಕಳಕೊಂಡ ಮನೆಯಲ್ಲಿ? ಅದರ ಬದಲು ಅಂಟಿನ ಉಂಡಿಯನ್ನು ಪುಡಿ ಮಾಡಿ, ಹುರಿದ ನವಣೆಗೆ ತುಪ್ಪ ಸವರಿ ಇಟ್ಟಳು. ಮೀಯುವ ಬಟ್ಟಲು ಎತ್ತಿಟ್ಟಳು. ಕುಡಿಯಲು ಅಜವಾನದ ನೀರು, ಬೆಳಿಗ್ಗೆ ಒಂದು ಮುಚ್ಚಳ, ಸಂಜೆ ಒಂದು ಮುಚ್ಚಳ. ಸಂಜೆಗೊಮ್ಮೆ ಲೋಬಾನದ ಹೊಗೆಯನ್ನೂ ತೋರಿಸಿದಳು.

ಟ್ರ್ಯಾಕ್ಟರ್ ಹೊಡೆದು ದಣಿದು ಬಂದ ಗಂಡ ಸುಂಕಣ್ಣ ಊಟಕ್ಕೆ ಕೂತು ಇದನ್ನೆಲ್ಲ ನೋಡಿ, ಹಕ್ಕಿಯ ತಲೆಗೂ ಒಂದು ಬಟ್ಟೆ ಕಟ್ಟಿಬಿಡು ಎಂದು ಕಿಚಾಯಿಸಿದ. ಹೊನ್ನೂರಮ್ಮ ನಗಲಿಲ್ಲ. ಇದು ಹಾಸ್ಯದ ಮಾತಾಗಿರಲಿಲ್ಲ ಆಕೆಗೆ. ಎರಡನೆಯ ತತ್ತಿ ಬಿದ್ದಾಗ ಮಗಳ ಹತ್ತಿರ ಹೋಗಿ ಹೇಳಿದಳು, ಸುಮಂಗಲಾಳ ಮುಖದಲ್ಲಿ ಒಂದು ಕಳೆ ಬಂದು ಹೋಯಿತು. ತನ್ನ ಕೈಗುಣ ಹಕ್ಕಿಗೂ ಹತ್ತಿದೆ ಎಂದು ತಾಯಿ ಬೀಗಿದಳು.

ಆಮೇಲೆ ತತ್ತಿ ಬೀಳಲಿಲ್ಲ. ಬಳ್ಳಾರಿ ಸೀಮೆಯ ಬಿಸಿಲು ಮೂಲೆಗಳಿಗೂ ನುಗ್ಗುವ ಕಾಲ. ಒಂದು ಬೆಳಿಗ್ಗೆ ಸೀರೆ ಸರಿಸಿದರೆ ಹೆಣ್ಣು ಹಕ್ಕಿ ಗೂಡು ಬಿಟ್ಟು ಪಂಜರದ ತಳದಲ್ಲಿ ಕೂತಿತ್ತು. ಗರಿ ಉಬ್ಬಿಸಿಕೊಂಡು, ಕಣ್ಣು ಅರೆಮುಚ್ಚಿ, ಬಾಲವನ್ನು ಮೇಲೆ ಕೆಳಗೆ ಮಾಡುತ್ತ ತಿಣುಕುತ್ತಿತ್ತು. ಹೆರಿಗೆ ನೋವು ಹೊನ್ನೂರಮ್ಮನಿಗೆ ಗೊತ್ತಾಗದೆ ಇರುತ್ತದೆಯೇ? ಮಗಳಿಗೆ ಹೇಳದೆ ಅಳಿಯನಿಗೆ ಫೋನು ಹಚ್ಚಿದಳು. ಕೌಲ್ ಬಜಾರಿನಲ್ಲಿ ಹಕ್ಕಿಗಳನ್ನು ನೋಡುವ ಡಾಕ್ಟರಮ್ಮ ಒಬ್ಬರಿದ್ದಾರೆ, ಕೂಡಲೇ ಒಯ್ಯಿರಿ ಎಂದು ಅವನು ವಿಳಾಸ ಹೇಳಿದ. ಪಂಜರ ಎತ್ತಿಕೊಂಡು ಹೊರಟವಳನ್ನು ಮಗಳು ಎಲ್ಲಿಗೆಂದು ಕೇಳಲಿಲ್ಲ, ಮಂಚದ ಮೇಲೆ ಎದ್ದು ಕೂತು ನೋಡುತ್ತಿದ್ದಳು.

ಡಾಕ್ಟರಮ್ಮ ಹೇಮಾ ಎನ್ನುವವರು ಸಣ್ಣ ವಯಸ್ಸಿನವರು. ಹಕ್ಕಿಯನ್ನು ಅಂಗೈಯಲ್ಲಿ ಹಿಡಿದು ಹೊಟ್ಟೆ ಮುಟ್ಟಿ ನೋಡಿ, ತತ್ತಿ ಒಳಗೇ ಸಿಕ್ಕಿಕೊಂಡಿದೆ ಎಂದರು. ಬಿಸಿ ಬಟ್ಟೆಯಲ್ಲಿಟ್ಟು ಬಾಯಿಗೆ ಔಷಧದ ಹನಿ ಹಾಕುತ್ತ, ಏನೇನು ತಿನ್ನಿಸುತ್ತಿದ್ದಿರಿ ಎಂದು ಕೇಳಿದರು. ಹೊನ್ನೂರಮ್ಮ ಒಂದನ್ನೂ ಬಿಡದೆ ಹೇಳಿದಳು, ಬಾಣಂತಿಗೆ ಮಾಡಿದಂತೆಯೇ ಮಾಡಿದ್ದೇನೆ ಎಂದಳು. ಡಾಕ್ಟರಮ್ಮನ ಕೈ ಒಂದು ಗಳಿಗೆ ನಿಂತಿತು.

"ನೀರು ಎಷ್ಟು ಕೊಡ್ತಿದ್ರಿ, ಅಮ್ಮ?"

"ಮುಂಜಾನಿ ಒಂದು ಮುಚ್ಚಳ, ಸಂಜಿಗೊಂದು ಮುಚ್ಚಳರಿ."

ಅವರು ಬೈಯಲಿಲ್ಲ. ಬೈದಿದ್ದರೆ ಹೊನ್ನೂರಮ್ಮನಿಗೆ ಸಲೀಸಾಗುತ್ತಿತ್ತು. ತತ್ತಿಯ ಚಿಪ್ಪಿಗೆ ಬೇಕಾದ ಸುಣ್ಣ ತಿನ್ನುವುದರಲ್ಲಿ ಸಿಗದಿದ್ದರೆ ಹಕ್ಕಿ ತನ್ನ ಎಲುಬನ್ನೇ ಕರಗಿಸಿ ಕೊಡುತ್ತದೆ, ಕೊನೆಗೆ ತತ್ತಿಯನ್ನು ಹೊರಗೆ ನೂಕುವ ಬಲವೂ ಅದಕ್ಕೆ ಉಳಿಯುವುದಿಲ್ಲ ಎಂದು ಮೆಲ್ಲಗೆ ಬಿಡಿಸಿ ಹೇಳಿದರು. ತುಪ್ಪ, ಉಂಡಿ ಅದರ ಹೊಟ್ಟೆಗೆ ಆಗಿಬರುವುದಿಲ್ಲ. ಕಾಳಿನ ಜೊತೆ ಸೊಪ್ಪು, ಮೊಟ್ಟೆ, ಆ ಬಿಳಿ ತುಂಡು ಎಲ್ಲ ಬೇಕು. ಈ ಬಿಸಿಲಿನಲ್ಲಿ ಎಲ್ಲಕ್ಕಿಂತ ಮೊದಲು ನೀರು ಬೇಕು. ಅವರು ಹೇಳಿ ಮುಗಿಸುವ ಹೊತ್ತಿಗೆ ಬಟ್ಟೆಯೊಳಗಿನ ತಿಣುಕಾಟ ನಿಂತಿತ್ತು. ಸಣ್ಣ ಜೀವ, ತಡಕೊಳ್ಳಲಿಲ್ಲ ಎಂದು ಡಾಕ್ಟರಮ್ಮ ಹಕ್ಕಿಯನ್ನು ಮೇಜಿನ ಮೇಲಿಟ್ಟರು.

ಮರಳುವ ಬಸ್ಸಿನಲ್ಲಿ ಹೊನ್ನೂರಮ್ಮ ಪಂಜರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಗಂಡು ಹಕ್ಕಿ ಒಂದೇ ಸಮನೆ ಕೂಗುತ್ತಿತ್ತು. ಗೂಡಿನಲ್ಲಿದ್ದ ಎರಡು ತತ್ತಿ ತಣ್ಣಗಾಗಿದ್ದವು. ಹಕ್ಕಿ ಹಕ್ಕಿಯೇ, ಮನುಷ್ಯರು ಮನುಷ್ಯರೇ ಎಂದು ಆಕೆ ತನಗೆ ತಾನೇ ಹೇಳಿಕೊಂಡಳು. ಹಕ್ಕಿಯ ವಿಷಯದಲ್ಲಿ ತಪ್ಪಾಗಿರಬಹುದು, ತಾನೇನು ಹಕ್ಕಿ ಸಾಕಿದವಳೇ? ಎಷ್ಟು ಜನ ಹೆಣ್ಣುಮಕ್ಕಳನ್ನು ಎತ್ತಿ ನಿಲ್ಲಿಸಿದ್ದೇನೆ ಎಂದು ನೆನೆದಳು. ನೆನೆದಷ್ಟೂ ಸಮಾಧಾನ ಸಿಗಲಿಲ್ಲ. ಕೋಳೂರು ಕ್ರಾಸ್ ದಾಟುವಾಗ ಒಂದು ಸುಳ್ಳು ಹೊಳೆಯಿತು: ಹಕ್ಕಿಯನ್ನು ಡಾಕ್ಟರಮ್ಮ ತಮ್ಮಲ್ಲೇ ಇಟ್ಟುಕೊಂಡಿದ್ದಾರೆ ಎಂದುಬಿಟ್ಟರೆ ಆಯಿತು. ಅದನ್ನೇ ಬಾಯಿಪಾಠ ಮಾಡುತ್ತ ಕುರುಗೋಡಿನಲ್ಲಿ ಇಳಿದಳು.

ಸುಮಂಗಲಾ ಬಾಗಿಲಿಗೇ ಬಂದು ನಿಂತಿದ್ದಳು. ತಾಯಿಯನ್ನು ಕೇಳದೆ ನೇರವಾಗಿ ಪಂಜರದೊಳಗೆ ನೋಡಿದಳು. ಆ ಮುಖ ಕಂಡ ಮೇಲೆ ಹೊನ್ನೂರಮ್ಮನ ಬಾಯಿಗೆ ಸುಳ್ಳು ಬರಲಿಲ್ಲ. ಹೊಸ್ತಿಲ ಮೇಲೆ ಕೂತಳು.

"ನಾನs ಕೊಂದ್ನೆವ್ವ ಅದನ್ನ. ಬಾಣಂತಿ ಅಂತ ಸೊಪ್ಪು ಬಿಡಿಸಿದ್ನಿ, ನೀರು ಬಿಡಿಸಿದ್ನಿ. ತತ್ತಿ ಒಳಗ ಸಿಕ್ಕೊಂಡು ಸತ್ತುಹೋತು."

ಮಗಳು ಕಿರುಚಾಡಲಿಲ್ಲ, ಗೋಡೆಯ ಕಡೆಗೂ ಹೋಗಲಿಲ್ಲ. ಪಂಜರ ಒಳಗೆ ಒಯ್ದು, ಬಟ್ಟಲು ತೆಗೆದು, ಕೊಡದಿಂದ ತಣ್ಣನೆಯ ನೀರು ತುಂಬಿ ಇಟ್ಟಳು. ಗಂಡು ಹಕ್ಕಿ ಹಾರಿ ಬಂದು ಕೊಕ್ಕು ಮುಳುಗಿಸಿತು. ತಲೆ ಎತ್ತದೆ ಬಹಳ ಹೊತ್ತು ಕುಡಿಯಿತು. ಸುಮಂಗಲಾ ಅದನ್ನೇ ನೋಡುತ್ತ ನಿಂತಳು. ಆಕೆಯ ತುಟಿ ಒಡೆದು ಸಿಪ್ಪೆ ಎದ್ದಿದ್ದು ಹೊನ್ನೂರಮ್ಮನಿಗೆ ಆಗ ಕಾಣಿಸಿತು. ದಿನವೂ ಎರೆದು, ಉಣಿಸಿ, ತಲೆ ಕಟ್ಟಿದ ಮುಖ. ಆದರೂ ಇವತ್ತಿನವರೆಗೆ ಕಂಡಿರಲಿಲ್ಲ.

"ಅವ್ವ, ನನಗೂ ನೀರು ಬೇಕು" ಅಂದಳು ಮಗಳು.

ಹೊನ್ನೂರಮ್ಮ ಎದ್ದಳು. ರೂಢಿಯ ಕೈ ಒಲೆಯ ಮೇಲಿನ ಅಜವಾನದ ಪಾತ್ರೆಯ ಕಡೆ ಹೋಗಿ, ಅಲ್ಲೇ ನಿಂತಿತು. ಪಾತ್ರೆಯ ಪಕ್ಕದಲ್ಲಿ ಆ ಸಣ್ಣ ಲೋಟವಿತ್ತು. ಹಕ್ಕಿಗೆ ಮಾಡಿದ್ದನ್ನೇ ಮಗಳಿಗೂ ಮಾಡಿದ್ದೇನೆ ಎಂಬ, ಬಸ್ಸಿನಲ್ಲಿ ಅಷ್ಟು ದೂರ ತಳ್ಳಿಕೊಂಡು ಬಂದ ಮಾತು ಈಗ ಎದುರಿಗೇ ನಿಂತಿತ್ತು.

"ಇಷ್ಟು ನೀರಡಿಸಿದ್ರ ಬಾಯಿಬಿಟ್ಟು ಕೇಳಬಾರದೇನವ್ವ?" ಎಂದಳು.

ಸುಮಂಗಲಾ ಹಕ್ಕಿಯ ಮೇಲಿನ ಕಣ್ಣು ತೆಗೆಯದೆ ಹೇಳಿದಳು. "ನನ್ನ ಕೂಸಿನ ಬಾಯಿಗೆ ಒಂದು ಹನಿ ಹಾಲು ಹಾಕಾಕ ಆಗಲಿಲ್ಲ. ಅದು ಹಂಗs ಹೋತು. ನನಗ ಯಾತಕ್ಕ ನೀರು ಅನಕೊಂಡಿದ್ನಿ. ನೀನೂ ಅದಕ್ಕs ಕೊಡವಲ್ಲಿ ಅನಕೊಂಡಿದ್ನಿ."

ಹೊನ್ನೂರಮ್ಮ ಪ್ರೀತಿಯಿಂದ ಮಾಡಿದ್ದನ್ನು ಮಗಳು ಶಿಕ್ಷೆಯೆಂದು ತಿಳಿದು, ಶಿಕ್ಷೆ ಸರಿಯೆಂದು ಒಪ್ಪಿ, ಈ ಬಿಸಿಲಿನಲ್ಲಿ ಒಣಗುತ್ತ ಮಲಗಿದ್ದಳು. ತಾಯಿಯಾದವಳಿಗೆ ಇದಕ್ಕಿಂತ ಕೇಳಬಾರದ ಮಾತು ಇನ್ನೊಂದಿಲ್ಲ. ದೊಡ್ಡ ಚೆಂಬಿಗೆ ಕೊಡದ ನೀರು ತುಂಬಿ ಮಗಳ ಕೈಗೆ ಕೊಟ್ಟಳು. ಸುಮಂಗಲಾ ಎರಡೂ ಕೈಯಲ್ಲಿ ಹಿಡಿದು ಕುಡಿದಳು. ಗದ್ದದಿಂದ ಕುತ್ತಿಗೆಗೆ ನೀರು ಇಳಿಯಿತು. ಅರ್ಧ ಚೆಂಬು ಮುಗಿಯುವಷ್ಟರಲ್ಲಿ ಆಕೆಗೆ ಅಳು ಒಡೆದು ಬಂತು, ಕೂಸು ಹೋದಾಗಿನಿಂದ ಬಾರದ ಅಳು. ಅಳುತ್ತಲೇ ಚೆಂಬು ಬರಿದು ಮಾಡಿ, ಮತ್ತೆ ಮುಂದೆ ಹಿಡಿದಳು.

ಹೊನ್ನೂರಮ್ಮ ಮತ್ತೆ ತುಂಬಿದಳು. ಮಗಳು ಸಾಕು ಅನ್ನುವವರೆಗೂ ಕೊಡದ ಹತ್ತಿರದಿಂದ ಕದಲಲಿಲ್ಲ.