ಹಗ್ಗಕ್ಕ ಬಾಯಿ ಇರಲಿಲ್ಲ

ಕಬ್ಬು, ಎಷ್ಟು ಉದ್ದ ಕಬ್ಬು, ಟೆಂಪೋದ ಹಿಂದಿನ ಫಳಿ ದಾಟಿ ಒಂದಾಳುದ್ದ ಹೊರಗೆ ಚಾಚಿಕೊಂಡಿದೆ, ಬುಡವೆಲ್ಲ ಓರೆಯಾಗಿ ಕೊಯ್ದದ್ದು, ಕುಡಗೋಲಿನ ಗಾಯ ಇನ್ನೂ ಹಸಿ, ಟೆಂಪೋ ಹಿಂದಕ್ಕೆ ಸರಿದು ಬರುತ್ತಿದೆ, ಎಂಜಿನ್ನಿನ ಗುಡುಗಿಗೆ ಬುಡಗಳೆಲ್ಲ ಒಟ್ಟಿಗೆ ನಡುಗುತ್ತವೆ, ಪೀರನವಾಡಿಯ ಡ್ರೈವರ್ ದುಂಡಪ್ಪ ಕನ್ನಡಿಯಲ್ಲಿ ನೋಡುವುದು ತನ್ನ ಬಂಪರನ್ನು, ಕಬ್ಬನ್ನಲ್ಲ, ಬಂಪರಿಗೆ ಜಾಗ ಇದ್ದರೆ ಲೋಕಕ್ಕೆಲ್ಲ ಜಾಗ ಇದ್ದಂಗ ಆ ಮಹಾರಾಯನಿಗೆ — ವಿಮಾನ ನೂಕುವ ಕೆಲಸದ ಪ್ರಮಿಳಾ ಸರಿಯಲಿಲ್ಲ. ಸರಿಯುವುದೆಲ್ಲಿಗೆ, ಬೆನ್ನ ಹಿಂದೆ ಗೇಣು ದೂರದಲ್ಲಿ ವಿಮಾನದ ಬಾಲ, ಎರಡೇ ಸೀಟಿನ ಸಣ್ಣ ವಿಮಾನ, ಹಾರಲು ಕಲಿಯುವ ಹುಡುಗರದ್ದು, ದೂರದಿಂದ ನೋಡಿದರೆ ಗಟ್ಟಿ ಕಬ್ಬಿಣ, ಮುಟ್ಟಿದರೆ ತೆಳು ತಗಡು, ಕಬ್ಬು ತಾಗಬಾರದು ಅಂದಮೇಲೆ ತನ್ನ ಬೆನ್ನೂ ತಾಗಬಾರದು, ಸೆಟೆದು ನಿಂತಿದ್ದಾಳೆ, ಬೆವರು ಬೆನ್ನಹುರಿಯ ಗುಂಟ ಇಳಿಯುತ್ತಿದೆ, ಒರಗುವಂತಿಲ್ಲ. ಬರ್ಲಿ, ಬರ್ಲಿ, ಇನ್ನ ಬರ್ಲಿ — ಕೈ ಬೀಸುತ್ತಿರುವವನು ವಿಮಾನ ಶಾಲೆಯ ಮ್ಯಾನೇಜರ್ ಧನ್ಯಕುಮಾರ, ಇಸ್ತ್ರಿ ಅಂಗಿ, ಹಣೆಗೆ ಗಂಧ, ಈ ಹೆಂಗಸು ಕಡೀಗೆ ಸರದ ಸರೀತಾಳ ಎಂಬ ಧೈರ್ಯ ಅವನಿಗೆ. ಇರಲಿ, ನೋಡೂಣು ಯಾರು ಸರೀತಾರ.

ಮುಂಜಾನೆ ಬಂದವಳೇ ತನ್ನ ಹಳೇ ಕೆಂಪು ಸೀರೆ ಹರಿದು ಚಿಂದಿ ಮಾಡಿ, ಹಗ್ಗಕ್ಕೆ ಕಟ್ಟಿ, ನಿಂತ ವಿಮಾನಗಳ ಬಾಲದ ಹಿಂದೆಲ್ಲ ಎಳೆದಿದ್ದಳು, ಪೂಜಿ ಮೂತಿ ಕಡೆ ಮಾಡ್ರಿ, ಫಂಕಾಕ್ಕ ಹೂ ಏರಸ್ರಿ, ಆರತಿ ಎತ್ತರಿ, ಬಾಲದ ಕಡೆ ಯಾರೂ ಸುಳೀಬ್ಯಾಡ್ರಿ. ಧನ್ಯಕುಮಾರ ನಕ್ಕಿದ್ದ, ಪ್ರಮಿಳಾಬಾಯಿ, ಖಂಡೇನವಮಿ ದಿನ ಇದೇನ್ರಿ ನಿಮ್ಮ ತೊಳದ ಬಟ್ಟಿ ಒಣಹಾಕೀರಿ, ಕ್ಯಾಂಪ್ ಏರಿಯಾದಿಂದ ಮಾಲಕ ಸಾಹೇಬರು ಮನಿ ಮಂದಿ ಕರಕೊಂಡು ಬರಾಕತ್ಯಾರ, ಬಾಲಕ್ಕ ಎರಡೂ ಬಾಜು ಕಬ್ಬು ಬಾಳಿಗಿಡ ಕಟ್ಟಿ ಫೋಟೋ ತೆಗಸೋದೈತಿ. ಕಟ್ಟತಾರಂತ ಕಟ್ಟತಾರ, ಟ್ರ್ಯಾಕ್ಟರಿಗೆ ಕಟ್ಟಿದಂಗ, ಎತ್ತಿನ ಕೊಂಬಿಗೆ ಕಟ್ಟಿದಂಗ, ಟ್ರ್ಯಾಕ್ಟರು ಹೊಲದಾಗ ಕೆಟ್ಟರ ಇಳದು ಮನಿಗೆ ನಡಕೊಂಡು ಬರಬಹುದು, ಮುಗಲಾಗಿಂದ ಹೆಂಗ ಇಳೀತೀರಿ? ಅವಳು ಚಹಾಕ್ಕೆ ಹೋಗಿ ಬರುವಷ್ಟರಲ್ಲಿ ಹಗ್ಗ ಬಿಚ್ಚಿ ಮೂಲೆಗೆ ಒಗೆದಿದ್ದರು.

ಹೋದ ವರ್ಷವೂ ಖಂಡೇನವಮಿಯೇ, ಕುರ್ಚಿ ತಂದ ಟೆಂಪೋ, ಬಾಲಕ್ಕೆ ತಾಗಿ ಟುಕ್ ಅಂತ ಒಂದು ಸಪ್ಪಳ, ಅಷ್ಟೇ, ಚೆಂಡುಹೂವಿನ ಮಾಲಿ ಹಾಕಿ ಮುಚ್ಚಿದರು, ಹೂ ಬಾಡಿ ತೆಗೆದಾಗ ತಗಡು ಒಳಗೆ ಮಡಿಚಿದ್ದು ಕಂಡಿತು. ಕಡೀಗೆ ತಪ್ಪು ಹೊತ್ತವರು ಯಾರು? ರೇಣವ್ವ. ಪ್ರಮಿಳಾಳ ಜೋಡಿ ಮೂತಿಯ ಗಾಲಿಗೆ ದಂಡ ಸಿಕ್ಕಿಸಿ ವಿಮಾನ ಎಳೆಯುತ್ತಿದ್ದ ರೇಣವ್ವ, ಎಂದೂ ಬಾಲ ಅದುಮಿ ಮೂತಿ ಎತ್ತಿ ವಿಮಾನ ತಿರುಗಿಸದ ರೇಣವ್ವ, ನೀನ ಅದುಮಿ ತಗಡು ಮಡಿಚಿರಬೇಕು ನಡಿ ಮನಿಗೆ ಅಂದರು. ಪ್ರಮಿಳಾ ಆಫೀಸಿನಾಗ ಟೇಬಲ್ ಬಡಿದು ಒದರಿದಳು, ಟೇಬಲ್ಲಿಗೇ ನೋವಾಯಿತು, ಮತ್ತಾರಿಗೂ ಇಲ್ಲ. ಈಗ ರೇಣವ್ವ ಖಾನಾಪುರದ ಹಂಚಿನ ಭಟ್ಟಿಯಲ್ಲಿ ಮಣ್ಣು ಹೊರುತ್ತಾಳೆ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ, ಯವ್ವಾ ಪ್ರಮಿಳಾ, ಹಂಚಿಗೆ ಬಾಲ ಇಲ್ಲ ನೋಡ, ಆರಾಮದೀನಿ, ಅಂತ ನಕ್ಕಳು, ಆ ನಗುವನ್ನು ತಂದು ಧನ್ಯಕುಮಾರನ ಮಾರಿಗೆ ಒಗೆಯಬೇಕು ಅನ್ನಿಸಿತ್ತು. ಕುರಿ ಕಾಯುತ್ತಿದ್ದ ಪ್ರಮಿಳಾಳ ಅಪ್ಪ ಹಿಂಡಿನ ಹಿಂದೇ ನಡೆಯುತ್ತಿದ್ದ, ಮುಂದ ಹೋಗೋ ಯಪ್ಪಾ ಅಂದರೆ, ತಲಿ ತನ್ನ ತಾ ನೋಡಿಕೊಂತೈತಿ, ಬಾಲಕ್ಕ ಕಣ್ಣಿಲ್ಲ ಮಗಳ, ಲಾರಿ ಬರೋದೂ ತೋಳ ಬರೋದೂ ಹಿಂದಿಂದ, ಅನ್ನುತ್ತಿದ್ದ. ನಾಳೆ ಈ ವಿಮಾನದಲ್ಲಿ ಒಬ್ಬಳೇ ಕೂಡುವವಳು ತ್ರಿಶಲಾ, ಅನಗೋಳದ ಹುಡುಗಿ, ಮೊದಲ ಸಲ ಬಾಜುಕ ಗುರು ಇಲ್ಲದೆ ಹಾರುತ್ತಾಳೆ, ಅಕ್ಕಾರ ನೀವ ನೂಕಿ ಕೊಡ್ರಿ ನಿಮ್ಮ ಕೈಗುಣ ಛಲೋ ಐತಿ ಅಂದಿದ್ದಾಳೆ, ಮುಂದೆ ನೋಡುತ್ತ ಕೂಡುತ್ತಾಳೆ ಆ ಕೂಸು, ಹಿಂದೆ ಏನು ಮಡಿಚಿದೆಯೋ ಹೂವು ಏನು ಮುಚ್ಚಿದೆಯೋ ಅವಳಿಗೇನು ಗೊತ್ತು —

ಬುಡ ಬಂತು. ರವಿಕೆಗೆ ತಾಗಿತು. ನಿಂದರಸೋ ಹಾಟ್ಯಾ! ಅಂದದ್ದು ತಾನೇನಾ, ಇಷ್ಟು ದೊಡ್ಡ ದನಿ ತನ್ನದಾ, ಇನ್ನೊಂದು ತುಸು ಒತ್ತಿತು, ಎದೆಯ ಎಲುಬಿಗೆ, ಬೆನ್ನು ಹಿಂದೆ ಹೋಗುತ್ತೇನೆ ಅನ್ನುತ್ತದೆ, ಹೋಗಬ್ಯಾಡ, ಗೇಣು ಇದ್ದದ್ದು ನಾಲ್ಕು ಬೆರಳಾಗಿದೆ, ಕಾಲ ಹೆಬ್ಬೆರಳು ನೆಲ ಕಚ್ಚಿ ಹಿಡಿದಿದೆ — ಬ್ರೇಕು ಕಿರುಚಿತು, ಎಂಜಿನ್ ಕೆಮ್ಮಿ ಬಂದ್ ಆಯಿತು. ದುಂಡಪ್ಪ ಇಳಿದು ಬಂದು ನೋಡಿ ಬೆಳ್ಳಗಾದ, ಯವ್ವಾ, ಬಂಪರಿಗೆ ಇನ್ನೂ ಜಾಗ ಇತ್ತಲ್ರಿ. ಧನ್ಯಕುಮಾರನ ಗಂಧ ಬೆವರಿಗೆ ಇಳಿದಿದೆ, ತಲಿಗಿಲಿ ಕೆಟ್ಟೈತೇನ್ರಿ, ಸಾಹೇಬರ ಗಾಡಿ ಗೇಟಿಗೆ ಬಂತು, ಸರೀರಿ, ಇಲ್ಲಂದ್ರ ನಾಳಿಂದ ಬರಬ್ಯಾಡ್ರಿ. ನಾಳೆ ಬರತೀನಿ, ಅಂದಳು ಪ್ರಮಿಳಾ, ತ್ರಿಶಲಾನ ವಿಮಾನ ನಾನ ನೂಕಾಕಿ, ಸಾಹೇಬರೂ ಬರ್ಲಿ, ಅವರ ಮುಂದನೂ ಇದನ್ನ ಹೇಳತೀನಿ, ಹಗ್ಗಕ್ಕ ಬಾಯಿ ಇರಲಿಲ್ಲ, ಬಿಚ್ಚಿ ಒಗದ್ರಿ, ನನಗ ಐತಿ. ಅವನು ಏನೋ ಅನ್ನುತ್ತಿದ್ದಾನೆ, ಬಾಯಿ ಆಡುತ್ತಿದೆ, ಕೇಳಿಸುತ್ತಿಲ್ಲ, ಅವಳು ನೋಡುತ್ತಿರುವುದು ಕಬ್ಬಿನ ಬುಡವನ್ನು, ಎದೆಗೆ ಆನಿಸಿಕೊಂಡೇ ಇರುವ ಆ ಹಸಿ, ಬಿಳೀ, ಓರೆ ಬುಡ, ಎಂಜಿನ್ ಬಂದ್ ಆಗಿದೆ, ಆದರೂ ಅಲುಗುತ್ತಿದೆ, ಅವಳ ಉಸಿರು ಬಂದಾಗ ಅತ್ತ, ಹೋದಾಗ ಇತ್ತ, ಅತ್ತ —