ಗುಡ್ಡ ಹತ್ತಿದ ಡೇರೆ

ಅಂಡಮಾನಿನ ಹಡಗಿನಲ್ಲಿ ಕೆಳಗಿನ ಬರ್ತು ಯಾರಿಗೆ ಎಂಬ ಪಂಥ ಸಿಕಂದರಾಬಾದಿನಲ್ಲೇ ಕಟ್ಟಿಯಾಗಿತ್ತು. ಗುರುರಾಜ ತನ್ನ ಫಿಯೆಟ್ ಕಾರಿನಲ್ಲಿ ಹೋಗಿ, ಅರಕು ಬೆಟ್ಟದಲ್ಲಿ ಡೇರೆ ಹಾಕಿ ಮಲಗಿ, ಡೇರೆ ಸಮೇತ ವಿಶಾಖಪಟ್ಟಣದ ಬಂದರಿಗೆ ಬಂದರೆ ಅವನಿಗೆ. ಇಲ್ಲದಿದ್ದರೆ ಹೆಂಡತಿಯ ತಮ್ಮ ನರಹರಿಗೆ. ಮೇಲಿನ ಬರ್ತಿಗೆ ಏಣಿ ಹತ್ತಬೇಕು. ಏಣಿ ಕಂಡರೆ ಗುರುರಾಜನಿಗೆ ತಲೆ ತಿರುಗುತ್ತಿತ್ತು.

ಹೊರಡುವ ಮುನ್ನ ಹೆಂಡತಿ ಸುಹಾಸಿನಿ, ಅವನಿಗೆ ಹೇಳದೆ, ಆ ಹಸಿರು ಡೇರೆಯನ್ನು ಮಾಳಿಗೆಯ ಮೇಲೆ ಹಾಸಿ ವರ್ಷದ ಸಂಡಿಗೆ ಹಾಕಿದ್ದಳು. ಅರ್ಧ ಎದ್ದವು, ಅರ್ಧ ಅಂಟಿಕೊಂಡೇ ಉಳಿದವು. ಅರಕಿನಲ್ಲಿ ಆ ಡೇರೆಯೊಳಗೆ ಮಲಗಿದ ರಾತ್ರಿ, ಬೆಟ್ಟದ ಮಂಗಗಳಿಗೆ ಅಷ್ಟು ಸಾಕಾಯಿತು. ಬೆಳಗ್ಗೆ ಗಂಡಹೆಂಡತಿ ಕಣ್ಣು ಬಿಟ್ಟಾಗ ಮೇಲೆ ಬರೀ ಆಕಾಶವಿತ್ತು. ಡೇರೆ ಎಂಟು ಬಾಲ ಹಚ್ಚಿಕೊಂಡು ಗುಡ್ಡ ಹತ್ತುತ್ತಿತ್ತು.

“ಡೇರೆ ಎಲ್ಲೈತ್ರೀ ಭಾವಾ?” ಎಂದ ನರಹರಿ ಬಂದರಿನಲ್ಲಿ.

“ಮಂಗ್ಯಾಗೋಳು ಒಯ್ದವು.”

“ಯಾಕ್ರೀ, ಅವರ ಮನ್ಯಾಗ ಲಗ್ನ ಇತ್ತೇನು?”

“ಸುಹಾಸಿನೀ, ನೀನರ ಹೇಳ!”

ಸುಹಾಸಿನಿ ಸಮುದ್ರ ನೋಡಿದಳು. “ನನಗ ಭಾಳ ನಿದ್ದಿ ಹತ್ತಿತ್ತಪಾ.”

ಗುರುರಾಜ ಕಣ್ಣು ಮುಚ್ಚಿ ಏಣಿ ಹತ್ತಿ ಮಲಗಿದ. ಹಡಗು ಹೊರಟಿತು. ಕೆಳಗೆ ಅಕ್ಕ ಡಬ್ಬಿ ತೆರೆದಳು, ತಮ್ಮ ಕುರುಂ ಕುರುಂ ತಿಂದ.

“ಸಂಡಿಗಿ ಛಲೋ ಆಗ್ಯಾವ ಅಕ್ಕಾ. ಆದ್ರ ಇದರಾಗ ಹಸಿರು ದಾರ ಯಾಕೈತಿ?”

ಮೇಲಿನ ಬರ್ತಿನಲ್ಲಿ ಗುರುರಾಜ ನಿಧಾನವಾಗಿ ಕಣ್ಣು ತೆರೆದ.