ಇಪ್ಪತ್ತನೆಯ ತೋಟಾ

ಡಬ್ಬಿಯಲ್ಲಿ ಹತ್ತೊಂಬತ್ತು ತೋಟಾ ಇದ್ದವು. ಇಪ್ಪತ್ತು ಇರಬೇಕಿತ್ತು. ಮೂರು ಸಲ ಎಣಿಸಿದೆ. ಎಣಿಸಿದರೆ ಹುಟ್ಟಿಬಿಡುತ್ತದೆಯೇ?

ನಾನು ಬಸವಲಿಂಗಪ್ಪ, ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಡಾಕ್ಟರು. ಶೂಟಿಂಗ್ ಕ್ಲಬ್ಬಿನವರು ಬಾಸ್ ಎನ್ನುತ್ತಾರೆ, ಮನೆಯಲ್ಲಿ ಅಷ್ಟು ಮರ್ಯಾದೆಯಿಲ್ಲ. ಕೊರಳಲ್ಲಿ ಲಿಂಗ, ತಟ್ಟೆಯಲ್ಲಿ ರೊಟ್ಟಿ ಪಲ್ಯ, ಕಬ್ಬಿಣದ ಕಪಾಟಿನಲ್ಲಿ ಜಿಂಕೆ ಬೇಟೆಯ ಹಳೆಯ ರೈಫಲ್. ಕಾಗದದ ಗುರಿ ಬಿಟ್ಟು ಇಂದಿನವರೆಗೆ ಏನನ್ನೂ ಹೊಡೆದವನಲ್ಲ. "ಜಿಂಕಿ ಕಂಡ್ರ ಕೈ ಮುಗಿಯೋ ಮನಷ್ಯಾಗ ಬಂದೂಕು ಯಾಕ?" ಎಂದು ಹೆಂಡತಿ ದಾಕ್ಷಾಯಣಿ ಹದಿನೈದು ವರ್ಷದಿಂದ ಕೇಳುತ್ತಿದ್ದಾಳೆ. ಹುಚ್ಚಿಗೆ ಕಾರಣ ಕೇಳಬಾರದು.

ಆ ಹುಚ್ಚು ಹತ್ತಿಸಿದವರು ಆರ್ಥರ್. ಈ ಊರಿನ ಬಂದೂಕಿನ ಕೇರಿಯಲ್ಲಿ ನಲವತ್ತು ವರ್ಷ ನಳಿಗೆ ತಿದ್ದಿದ ಮುದುಕ. ರೈಫಲ್ ಅವರದೇ, ನೂರು ವರ್ಷ ದಾಟಿದ್ದು. ಅದರ ತೋಟಾದ ಹೆಸರು ಟೂ ಸೆವೆಂಟಿಫೈವ್. ಜರ್ಮನ್ನರಿಗೆ ಅದೇ ತೋಟಾ ಏಳು ಮಿಲಿಮೀಟರಿನದು. ಇಂಗ್ಲಿಷರಿಗೆ ಹೆಸರು ಬದಲಿಸದಿದ್ದರೆ ಉಂಡದ್ದು ಅರಗುವುದಿಲ್ಲ. ಹಿತ್ತಾಳೆ ಕವಚ, ದುಂಡು ಮೂಗಿನ ಉದ್ದನೆಯ ಭಾರದ ಗುಂಡು. ಈಗಿನ ತೋಟಾಗಳು ಅಬ್ಬರಿಸಿ ಭುಜಕ್ಕೆ ಗುದ್ದುತ್ತವೆ. ಇದು ಸುಮ್ಮನೆ ಹೆಗಲು ತಳ್ಳಿ, ಹೇಳಿದ ಕಡೆಗೆ ಹೋಗುತ್ತದೆ. ಕೊನೆಯ ಇಪ್ಪತ್ತನ್ನು ಆರ್ಥರ್ ನಡುಗುವ ಕೈಯಲ್ಲಿ ತಾವೇ ಮದ್ದು ತುಂಬಿ ಕೊಟ್ಟಿದ್ದರು. "ಇದು ಕುಲುಮೆಗೆ ಹೋಗದಂತೆ ನೋಡಿಕೋ ಬಾಸ್" ಎಂದು ಆಸ್ಪತ್ರೆಯ ಮಂಚದ ಮೇಲೆ ನನ್ನ ಕೈ ಹಿಡಿದಿದ್ದರು. ಲೈಸೆನ್ಸ್ ಕಳೆದುಕೊಂಡವರ ಹಳೆಯ ಬಂದೂಕುಗಳು ಎಷ್ಟೋ ಸಲ ಕತ್ತರಿಸಿ ಕರಗಿಹೋಗುತ್ತವೆ. ನಾನು ಮಾತು ಕೊಟ್ಟಿದ್ದೆ.

ಶನಿವಾರ ಖಂಡೇನವಮಿ. ಧಾರವಾಡದಿಂದ ಆರು ತಿಂಗಳಿಗೆಂದು ಬಂದಿದ್ದ ನಮ್ಮತ್ತೆ ಕಾಶೀಬಾಯಿ, "ಮನ್ಯಾಗ ಆಯುಧ ಇಟ್ಕೊಂಡು ಈಳಿಗಿಗೆ ಪೂಜಾ ಮಾಡೋದೇನ್ರಿ ಅಳ್ಯಾರ? ಹೊರಗ ತಗೀರಿ" ಅಂದರು. ತೆಗೆದೆ. ವಿಭೂತಿ ಹಚ್ಚಿ, ಆರತಿ ಬೆಳಗಿ, ಕರ್ಪೂರ ಆರುವವರೆಗೆ ಪಕ್ಕದಲ್ಲೇ ಕಾವಲು ಕೂತು, ರೈಫಲನ್ನು ಮತ್ತೆ ಕಪಾಟಿಗೆ ಸೇರಿಸಿ ಬೀಗ ಹಾಕಿದೆ. ಕಾನೂನು ಪಾಲಿಸಿದೆನೆಂದು ಬೀಗಿದೆ ಕೂಡ. ಆದರೆ ತೋಟಾ ಇಲ್ಲದ ಬಂದೂಕಿಗೆ ಎಂಥ ಪೂಜೆ ಎಂದು ಒಂದನ್ನು ನಾನೇ ತಟ್ಟೆಯಲ್ಲಿಟ್ಟಿದ್ದೆ. ಅದರ ಮೇಲೆ ಅತ್ತೆ ಮರುದಿನಕ್ಕೆಂದು ಬನ್ನಿ ಎಲೆ ಸುರಿದರು. ಕಣ್ಣಿಗೆ ಬೀಳದ್ದು ನೆನಪಿನಿಂದಲೂ ಹೋಯಿತು.

ದಸರೆಗೆ ನಮ್ಮ ಕಡೆ ಬನ್ನಿ ಎಲೆಯನ್ನೇ ಬಂಗಾರವೆಂದು ಹಂಚಿಕೊಳ್ಳುತ್ತಾರೆ, ಕಿರಿಯರು ಹಿರಿಯರ ಕಾಲಿಗೆ ಬೀಳುತ್ತಾರೆ. ಬರ್ಮಿಂಗ್‌ಹ್ಯಾಮಿನಲ್ಲಿ ಬನ್ನಿ ಮರ ಎಲ್ಲಿಂದ ತರುವುದು? ನಮ್ಮ ಹಿತ್ತಲ ಬೇಲಿಯ ಸಣ್ಣೆಲೆಗೆ ಆ ಭಾಗ್ಯ ಬಂದಿತ್ತು. ಭಾನುವಾರ ಬೆಳಿಗ್ಗೆ ಅತ್ತೆ ತಟ್ಟೆಯಿಂದ ಹಿಡಿಹಿಡಿ ಎಲೆ ತೆಗೆದು, ಕಲ್ಲುಸಕ್ಕರೆ ಸೇರಿಸಿ, ನಲವತ್ತಮೂರು ಕಾಗದದ ಪೊಟ್ಟಣ ತುಂಬಿದರು. ಮಗಳು ಇಂಚರಾ ಪಿನ್ ಹೊಡೆದಳು. ಮೊಣಕಾಲು ನೋವೆಂದು ಅತ್ತೆ ಮನೆಯಲ್ಲೇ ಉಳಿದರು. ನಾವು ಮೂವರು ಕನ್ನಡದವರ ದಸರಾ ಕೂಟಕ್ಕೆ ಹೋಗಿ ಪೊಟ್ಟಣಗಳನ್ನು ಮಕ್ಕಳ ಕೈಗೇ ಹಂಚಿ ಮೂರು ಗಂಟೆಗೆ ಮರಳಿದೆವು. ಆಗ ತೋಟಾ ನೆನಪಾಯಿತು.

ದೇವರ ಕೋಣೆ, ಕಸದ ಬುಟ್ಟಿ, ಸೋಫಾದ ಸಂದಿ, ಎಲ್ಲ ತಡಕಿದೆ. ಎಲ್ಲೂ ಇಲ್ಲ.

"ಇಂಚರಾ, ಪೊಟ್ಟಣದಲ್ಲಿ ಹಿತ್ತಾಳೆಯದು ಏನಾದರೂ ಕಂಡಿತೇನಮ್ಮಾ?"

"ಡ್ಯಾಡ್, ಐ ಓನ್ಲಿ ಸ್ಟೇಪಲ್ಡ್ ದೆಮ್. ಅಜ್ಜಿ ಫಿಲ್ಡ್ ದೆಮ್."

ಅತ್ತೆಗೆ ಕಣ್ಣಲ್ಲಿ ಪೊರೆ. ನಾನು ಅವರ ಕೋಣೆಯತ್ತ ಹೊರಟೆ. ದಾಕ್ಷಾಯಣಿ ಅಡ್ಡ ನಿಂತಳು. "ಅವ್ವಗ ಹೇಳಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ. ಬಿಪಿ ಏರ್ತದ. ಮಕ್ಕಳ ಕೈಗೆ ನಾನ ಕೊಟ್ನೆಲ್ಲ ಅಂತ ಎದಿ ಒಡಕೊಂಡು ಸಾಯ್ತಾಳ." ನಮ್ಮಲ್ಲಿ ಹಿರಿಯರಿಗೆ ಕೆಟ್ಟ ಸುದ್ದಿ ಮುಟ್ಟಿಸದಿರುವುದೂ ಒಂದು ಸೇವೆ. ಅಲ್ಲಿಗೆ ಬಿಟ್ಟೆ. ಒಳಗೆ ಟೀವಿಯ ಧಾರಾವಾಹಿ ಜೋರಾಗಿ ಅಳುತ್ತಿತ್ತು.

ಕಾನೂನು ಸರಳ. ತೋಟಾ ಕಳೆದರೆ ಪೊಲೀಸರಿಗೆ ತಿಳಿಸಬೇಕು. ತಿಳಿಸಿದರೆ ರೈಫಲ್ ಹೋಗುತ್ತದೆ. ಕ್ಲಬ್ಬಿನಲ್ಲಿ ಹೊಡೆದುಬಿಟ್ಟೆ ಎಂದರೆ ಯಾರೂ ಕೇಳುವುದಿಲ್ಲ. ಆದರೆ ಅದು ಯಾವುದೋ ಮಗುವಿನ ಕೈಯಲ್ಲಿದೆ. ಕಲ್ಲುಸಕ್ಕರೆಯ ಜೊತೆ ಸಿಕ್ಕಿದ, ಹೊಳೆಯುವ ವಸ್ತು. ಕಲ್ಲಿನಿಂದ ಕುಟ್ಟಿದರೆ? ಒಲೆಗೆ ಹಾಕಿದರೆ? ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ್ದೇನು? ದಾಕ್ಷಾಯಣಿಯ ಕಿವಿಯೋಲೆ ಕಳೆದಿದೆ ಎಂದು ಮನೆಮನೆಗೆ ಫೋನು ಮಾಡಿದೆ. ನಾಚಿಕೆಯಾಗುತ್ತದೆ, ಆದರೆ ಮಾಡಿದೆ.

ಲೆಸ್ಟರಿನವರು ಇನ್ನೂ ಮೋಟರ್‌ವೇಯಲ್ಲಿದ್ದರು. ಲೀಡ್ಸಿನ ಅಶ್ವಿನ್, "ಓಲೆ ಬಂಗಾರದ್ದಾ ಸಾರ್? ಛೇ ಛೇ, ನೋಡ್ತೀನಿ" ಎಂದು ಅರ್ಧ ಗಂಟೆ ಮರುಕ ತೋರಿದ. ಕೆಲವರು ಪೊಟ್ಟಣ ಬಿಚ್ಚಿ ನೋಡಿದರು, ಕೆಲವರು ನೋಡಿದೆವೆಂದು ಹೇಳಿದರು. ಐದೂವರೆಗೆ ವಿದನ್‌ಶಾದ ಡಾಕ್ಟರ್ ನಿರುಪಮಾ ಸಿಕ್ಕಳು. ಅವಳ ಮಗನಿಗೆ ನಾಲ್ಕು ವರ್ಷ.

"ಪೊಟ್ಟಣ ಅವನ ಆಟದ ಸಾಮಾನಿನ ಜೊತೆ ಇರ್ಬೇಕು ಸಾರ್. ನಾಳೆ ಹುಡುಕ್ತೀನಿ, ಈಗ ನನ್ನ ಡ್ಯೂಟಿ ಶುರುವಾಗತ್ತೆ."

ಅವಳ ಹಿಂದೆ ಟಣ್ ಟಣ್ ಎಂದು ಸದ್ದು ಕೇಳುತ್ತಿತ್ತು.

"ಅದೇನು ಸದ್ದಮ್ಮಾ?"

"ಸುತ್ತಿಗೆ ಸಾರ್, ಅವನ ಟಾಯ್. ಮನೆಗೆ ಬಂದಾಗಿಂದ ಕುಟ್ತಾನೇ ಇದಾನೆ."

"ಅವನನ್ನ ಎತ್ತಿಕೊಳ್ಳಮ್ಮಾ! ಕಳೆದಿರೋದು ಓಲೆಯಲ್ಲ, ತೋಟಾ, ರೈಫಲ್ಲಿನ ಜೀವಂತ ತೋಟಾ!" ಎಂದು ಕಿರುಚಿದೆ. ಅತ್ತಲಿಂದ ಓಡುವ ಸದ್ದು, ಮಗುವಿನ ಅಳು. ಎರಡು ನಿಮಿಷದ ನಂತರ ಅವಳ ಧ್ವನಿ ತಣ್ಣಗೆ ಬಂತು. "ನಮ್ಮ ಪೊಟ್ಟಣದಲ್ಲಿ ಇಲ್ಲ. ಯಾವಾಗಿಂದ ಹುಡುಕ್ತಿದೀರಾ?" ಮೂರು ಗಂಟೆಯಿಂದ ಎಂದೆ. "ಎರಡೂವರೆ ಗಂಟೆ, ಸಾರ್. ಎರಡೂವರೆ ಗಂಟೆ ಓಲೆ ಅಂತ ಹೇಳ್ಕೊಂಡು ಕೂತಿದ್ರಾ?" ಫೋನು ಇಟ್ಟಳು. ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ಸತ್ತ ಮುದುಕನಿಗೆ ಕೊಟ್ಟ ಮಾತಿಗಾಗಿ ಬದುಕಿದ್ದ ನಲವತ್ತು ಮಕ್ಕಳನ್ನು ಪಣಕ್ಕಿಟ್ಟಿದ್ದೆ.

ಕನ್ನಡದವರ ವಾಟ್ಸ್ಯಾಪ್ ಗುಂಪಿಗೆ ನಡೆದದ್ದನ್ನೆಲ್ಲ ಇದ್ದಂತೆ ಬರೆದೆ. ತೋಟಾದ ಫೋಟೋ ಹಾಕಿದೆ, ಸಿಕ್ಕರೆ ಮುಟ್ಟಬೇಡಿ ಎಂದೆ. ಪೊಲೀಸರಿಗೂ ಫೋನು ಮಾಡಿದೆ. ಮೆಸೇಜಿನ ಕೆಳಗೆ ಓದಿದವರ ಹೆಸರುಗಳು ಮೂಡುತ್ತ ಹೋದವು. ಒಬ್ಬೊಬ್ಬರೇ ಇಲ್ಲ, ಇಲ್ಲ, ನಮ್ಮಲ್ಲಿ ಇಲ್ಲ ಎಂದರು. ಯಾರೂ ಸಾರ್ ಎನ್ನಲಿಲ್ಲ. ಪ್ರತಿ ಇಲ್ಲಕ್ಕೂ ಉಳಿದ ಮನೆಗಳಲ್ಲಿ ಅಪಾಯ ಹೆಚ್ಚುತ್ತಿತ್ತು. ಕೊನೆಗೆ ಒಂದೇ ಮನೆ ಉಳಿಯಿತು. ಆ ಮನೆಯವರು ಫೋನೆತ್ತಲೇ ಇಲ್ಲ. ದಾಕ್ಷಾಯಣಿ ಮೆಟ್ಟಿಲ ಮೇಲೆ ಕೂತು ಬಸವಣ್ಣಾ ಬಸವಣ್ಣಾ ಎನ್ನುತ್ತಿದ್ದಳು.

ಆರೂವರೆಗೆ ಇಬ್ಬರು ಪೊಲೀಸರು ಬಂದರು. ಒಬ್ಬಳು ಹೆಸರು, ಪೋಸ್ಟ್‌ಕೋಡ್ ಬರೆದುಕೊಂಡಳು. ನಾನು ಕಪಾಟಿನ ಬೀಗ ತೆಗೆದೆ. ಅವಳು ರೈಫಲನ್ನು ಚೀಲಕ್ಕೆ ಹಾಕುವಾಗ ಅದರ ಮೇಲೆ ವಿಭೂತಿಯ ಗೆರೆ ಇನ್ನೂ ಇತ್ತು. "ಇದೇನು?" ಎಂದಳು. ಬೂದಿ ಎಂದೆ. ಲೈಸೆನ್ಸಿನವರು ತೀರ್ಮಾನ ಮಾಡುತ್ತಾರೆ ಎಂದಳು. ತೀರ್ಮಾನ ಏನೆಂದು ನನಗೆ ಗೊತ್ತಿತ್ತು.

ಆಗ ಅತ್ತೆ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಮುಖದಲ್ಲಿ ಮುನಿಸು.

"ಹೊತ್ತು ಮುಳುಗಲಿಕ್ಕೆ ಬಂತು. ಊರಿಗೆಲ್ಲಾ ಬನ್ನಿ ಕೊಟ್ಟು ಬಂದ್ರಿ, ಮನ್ಯಾಗಿನ ಮುದುಕಿ ನೆನಪಾಗಲಿಲ್ಲೇನ್ರಿ ಅಳ್ಯಾರ? ನಿಮಗಂತ ತಟ್ಟಿ ತಳದಾಗಿಂದು ದೊಡ್ಡ ಹಿಡಿ ತೆಗೆದಿಟ್ಟೀನಿ. ಮುಂಜಾನಿಂದ ದಾರಿ ಕಾಯಾಕತ್ತೀನಿ. ತೊಗೋರಿ."

ಸೆರಗಿನ ಗಂಟು ಬಿಚ್ಚಿ ಪೊಟ್ಟಣವೊಂದನ್ನು ಚಾಚಿದರು. ಅಂಗೈಗೆ ಬಿದ್ದ ಭಾರದಿಂದಲೇ ನನಗೆ ತಿಳಿಯಿತು. ಬಿಚ್ಚಿದೆ. ಬಾಡಿದ ಎಲೆಗಳ ನಡುವೆ ಅದು ಇತ್ತು.

ಯಾವ ಮಗುವಿಗೂ ಏನೂ ಆಗಿರಲಿಲ್ಲ. ನಾನು ಅಲ್ಲೇ ಕೂತುಬಿಟ್ಟೆ. ಕೂತವನು ಹಾಗೇ ಅತ್ತೆಯ ಪಾದ ಹಿಡಿದು ಅತ್ತೆ. ಪೊಲೀಸಿನವಳು ತೋಟಾವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ರಸೀದಿ ಬರೆದಳು. ರೈಫಲನ್ನು ಮಾತ್ರ ಕೆಳಗಿಡಲಿಲ್ಲ.

"ಇದನ್ನ ಹುಡುಕತಿದ್ರೇನು?" ಅತ್ತೆ ನನ್ನನ್ನೂ ತಮ್ಮ ಮಗಳನ್ನೂ ನೋಡಿದರು. "ನನ್ನ ಯಾಕ ಕೇಳಲಿಲ್ಲ?"

ನಾನು ದಾಕ್ಷಾಯಣಿಯ ಮುಖ ನೋಡಿದೆ, ಅವಳು ನೆಲ ನೋಡಿದಳು. ಹೊರಗೆ ಪೊಲೀಸ್ ಕಾರಿನ ಡಿಕ್ಕಿ ಮುಚ್ಚಿದ ಸದ್ದು ಕೇಳಿಸಿತು.